ಗಾರ್ಸಿಯಾ ದ ಓರ್ತಾ: ಅಜ್ಜಿಗೆ ಗೊತ್ತಿದ್ದುದನ್ನೇ ಬರೆದವನು ಆದ್ಯನಾಗುವುದು ಹೇಗೆ?

ಪ್ರಶ್ನೆ: ನಾವು ಧಾರವಾಡದ ಕಡೆಯವರು, ವಾಸ್ಕೋದಲ್ಲಿ ನೆಲೆಸಿ ಬಹಳ ವರ್ಷಗಳಾದವು. ಪಣಜಿಯ ಚರ್ಚ್ ಚೌಕದ ಬಳಿಯ ಉದ್ಯಾನಕ್ಕೆ ಗಾರ್ಸಿಯಾ ದ ಓರ್ತಾ ಎಂಬುವನ ಹೆಸರಿದೆ. ಆತ ಭಾರತದ ಗಿಡಮೂಲಿಕೆಗಳನ್ನು ಕುರಿತು ಬರೆದ ಆದ್ಯ ನಿಸರ್ಗ ವಿಜ್ಞಾನಿ ಎಂದು ಮಗಳ ಶಾಲೆಯಲ್ಲಿ ಹೇಳಿದ್ದಾರೆ. ಅವಳು ಅವನ ಬಗ್ಗೆ ಪ್ರಬಂಧ ಬರೆಯಬೇಕಾಗಿದೆ. ಇಂಗು, ಶುಂಠಿ, ಪಚ್ಚಕರ್ಪೂರ ಇವೆಲ್ಲ ನಮ್ಮ ಅಜ್ಜಿಯಂದಿರಿಗೆ ಗೊತ್ತಿದ್ದವೇ ಅಲ್ಲವೇ? ಹಾಗಿದ್ದ ಮೇಲೆ ಅವನು ಆದ್ಯನಾಗುವುದು ಹೇಗೆ? ಮುಂಬಯಿ ದ್ವೀಪವೇ ಅವನದಾಗಿತ್ತು, ಸತ್ತ ಮೇಲೆ ಅವನ ಮೂಳೆಗಳನ್ನು ಸುಟ್ಟರು ಎಂದೂ ಕೇಳಿದ್ದೇವೆ. ಇವು ನಿಜವೇ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ಮೊದಲನೆಯದೇ ಕಠಿಣವಾದುದು, ನ್ಯಾಯವಾದುದೂ ಹೌದು. ಓರ್ತಾ ಬರೆದ ಬಹುಪಾಲು ವಸ್ತುಗಳು ಈ ನಾಡಿನ ವೈದ್ಯರಿಗೆ, ವ್ಯಾಪಾರಿಗಳಿಗೆ, ಅಡುಗೆಮನೆಗಳಿಗೆ ನೂರಾರು ವರ್ಷಗಳಿಂದ ಗೊತ್ತಿದ್ದವು. ಅವನ್ನು ಆತ ಕಂಡುಹಿಡಿದನೆಂದು ಯಾರಾದರೂ ಹೇಳಿದರೆ ಅದು ತಪ್ಪು, ಮತ್ತು ಆತನೂ ಹಾಗೆ ಹೇಳಿಕೊಂಡಿಲ್ಲ. ಆತನ ಹಿರಿಮೆ ಇರುವುದು ಬೇರೆಡೆ. ಯೂರೋಪಿನ ವೈದ್ಯರು ಸಾವಿರ ವರ್ಷಗಳಿಗೂ ಮೀರಿ ಗ್ರೀಕ್ ಗ್ರಂಥಗಳನ್ನು ನಂಬಿ, ತಾವೆಂದೂ ಕಾಣದ ಪೂರ್ವದೇಶದ ಗಿಡಗಳ ಬಗ್ಗೆ ವ್ಯಾಖ್ಯಾನದ ಮೇಲೆ ವ್ಯಾಖ್ಯಾನ ಬರೆಯುತ್ತ ಬಂದಿದ್ದರು. ಆ ಗಿಡ ಬೆಳೆಯುವ, ಮಾರಾಟವಾಗುವ, ಬಳಕೆಯಾಗುವ ಜಾಗದಲ್ಲೇ ಕುಳಿತು, ಕಣ್ಣಾರೆ ಕಂಡು, ಬಲ್ಲವರನ್ನು ಕೇಳಿ, ಕೇಳಿದ್ದು ಯಾರಿಂದ ಎಂಬುದನ್ನೂ ದಾಖಲಿಸಿ, ಗ್ರಂಥದ ಮಾತು ಕಂಡದ್ದಕ್ಕೆ ಹೊಂದದಿದ್ದಾಗ ಗ್ರಂಥವನ್ನೇ ಬದಿಗಿಟ್ಟ ಮೊದಲಿಗರಲ್ಲಿ ಓರ್ತಾ ಒಬ್ಬ. ಆದ್ಯ ಎಂದು ಆತನನ್ನು ಕರೆಯಬೇಕಾದುದು ಈ ರೀತಿಗಾಗಿ.

ಆತ ಹುಟ್ಟಿದ್ದು ಸುಮಾರು 1501ರಲ್ಲಿ, ಸ್ಪೇನ್ ಗಡಿಗೆ ಹತ್ತಿರವಿರುವ ಪೋರ್ಚುಗಲ್‌ನ ಕಾಸ್ತೆಲೊ ದ ವಿದೆ ಎಂಬ ಊರಿನಲ್ಲಿ. ತಂದೆತಾಯಿ ಯಹೂದಿಗಳು, 1492ರಲ್ಲಿ ಸ್ಪೇನ್‌ನಿಂದ ಹೊರಹಾಕಲ್ಪಟ್ಟು ಪೋರ್ಚುಗಲ್ಲಿಗೆ ಬಂದವರು, 1497ರಲ್ಲಿ ಅಲ್ಲಿಯೂ ಬಲವಂತದ ಮತಾಂತರಕ್ಕೆ ಒಳಗಾದವರು. ಇಂಥವರನ್ನು ‘ಹೊಸ ಕ್ರೈಸ್ತರು’ ಎಂದು ಕರೆದು, ಒಳಗೊಳಗೇ ಹಳೆಯ ಧರ್ಮವನ್ನು ಪಾಲಿಸುತ್ತಿರಬಹುದೆಂದು ಸದಾ ಅನುಮಾನದಿಂದ ನೋಡಲಾಗುತ್ತಿತ್ತು. ಓರ್ತಾ ಸ್ಪೇನ್‌ನ ಸಲಮಾಂಕಾ ಮತ್ತು ಅಲ್ಕಾಲಾ ವಿಶ್ವವಿದ್ಯಾಲಯಗಳಲ್ಲಿ ವೈದ್ಯಕೀಯ ಓದಿ, ಹುಟ್ಟೂರಿನಲ್ಲಿ ಕೆಲಕಾಲ ವೈದ್ಯವೃತ್ತಿ ನಡೆಸಿ, ಮುಂದೆ ಲಿಸ್ಬನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ. 1534ರ ಮಾರ್ಚ್‌ನಲ್ಲಿ ಮಾರ್ತಿಂ ಅಫೊನ್ಸೊ ದ ಸೌಜಾನ ನೌಕಾಪಡೆಯ ವೈದ್ಯನಾಗಿ ಹೊರಟು ಅದೇ ಸೆಪ್ಟೆಂಬರ್‌ನಲ್ಲಿ ಗೋವೆಗೆ ಬಂದಿಳಿದ. ಬಿಜಾಪುರದ ಆದಿಲ್‌ಶಾಹಿಯಿಂದ ಗೋವೆ ಪೋರ್ಚುಗೀಸರ ಕೈಸೇರಿ ಆಗಿನ್ನೂ ಇಪ್ಪತ್ತನಾಲ್ಕು ವರ್ಷಗಳಾಗಿದ್ದವು. ಮೊದಲ ಕೆಲವು ವರ್ಷ ಸೈನ್ಯದ ಜೊತೆ ಗುಜರಾತಿನ ಕರಾವಳಿಯಲ್ಲಿ ಅಲೆದ ಆತ, ಬಳಿಕ ಗೋವೆಯಲ್ಲೇ ಮನೆ ಮಾಡಿ, ಹಿತ್ತಿಲಲ್ಲಿ ಔಷಧಿ ಗಿಡಗಳ ತೋಟ ಬೆಳೆಸಿ, ಸುಮಾರು ಮೂವತ್ತು ವರ್ಷ ಇಲ್ಲೇ ಬಾಳಿದ. ಮತ್ತೆ ಪೋರ್ಚುಗಲ್ಲಿಗೆ ಮರಳಲಿಲ್ಲ.

ಆತನ ರೋಗಿಗಳಲ್ಲಿ ಗೋವೆಯ ಗವರ್ನರುಗಳೂ ವೈಸ್‌ರಾಯ್‌ಗಳೂ ಇದ್ದರು. ಅಹ್ಮದ್‌ನಗರದ ಸುಲ್ತಾನ ಒಂದನೆಯ ಬುರ್ಹಾನ್ ನಿಜಾಮ್ ಶಹಾ ಕೂಡ ಇದ್ದ. ಈ ಕೊನೆಯ ನಂಟು ನಮ್ಮ ಪ್ರಶ್ನೆಗೆ ಬಹಳ ಮುಖ್ಯವಾದುದು. ಅಹ್ಮದ್‌ನಗರದ ಆಸ್ಥಾನದಲ್ಲಿ ಅರಬ್ಬಿ, ಪಾರಸಿ ಬಲ್ಲ ಹಕೀಮರಿದ್ದರು. ಅವರ ಜೊತೆ ಕುಳಿತು ಚರ್ಚಿಸುವ ಅವಕಾಶ ಓರ್ತಾನಿಗೆ ಒದಗಿತು. ಇತ್ತ ಗೋವೆಯ ಪೇಟೆಗೆ ಹೋರ್ಮುಜ್‌ನಿಂದ, ಮಲಾಕ್ಕಾದಿಂದ, ಗುಜರಾತಿನಿಂದ ವರ್ತಕರು ಬರುತ್ತಿದ್ದರು. ಓರ್ತಾ ಸ್ವತಃ ಹಡಗು ವ್ಯಾಪಾರದಲ್ಲೂ ತೊಡಗಿದ್ದವನು. ವೈದ್ಯನಿಗೆ ಇರಬೇಕಾದ ಕುತೂಹಲದ ಜೊತೆಗೆ ವ್ಯಾಪಾರಿಯ ಲೆಕ್ಕಾಚಾರವೂ ಆತನಲ್ಲಿ ಇದ್ದುದರಿಂದ, ಒಂದು ವಸ್ತು ಎಲ್ಲಿಂದ ಬರುತ್ತದೆ, ಯಾವ ಬಂದರಿನಲ್ಲಿ ಕೈಬದಲಾಗುತ್ತದೆ, ಏನು ಬೆಲೆ, ಯಾವುದರಲ್ಲಿ ಕಲಬೆರಕೆ ನಡೆಯುತ್ತದೆ ಎಂಬುದೆಲ್ಲ ಅವನ ಪುಸ್ತಕದಲ್ಲಿ ಸಹಜವಾಗಿ ಬಂದು ಸೇರಿದೆ. ವಿಶ್ವವಿದ್ಯಾಲಯದಲ್ಲೇ ಉಳಿದಿದ್ದರೆ ಆತ ಇಂಥ ಪುಸ್ತಕ ಬರೆಯಲಾಗುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಆ ಪುಸ್ತಕದ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ಭಾರತದ ಮೂಲಿಕೆಗಳು ಮತ್ತು ಔಷಧದ್ರವ್ಯಗಳನ್ನು ಕುರಿತ ಸಂವಾದಗಳು’. ಲ್ಯಾಟಿನ್ ಬಲ್ಲವನಾಗಿದ್ದರೂ ಆತ ಅದನ್ನು ಇಲ್ಲಿನ ಪೋರ್ಚುಗೀಸರೆಲ್ಲರೂ ಓದಬಲ್ಲ ಆಡುಭಾಷೆಯಲ್ಲಿ ಬರೆದ. ಐವತ್ತಕ್ಕೂ ಹೆಚ್ಚು ಅಧ್ಯಾಯಗಳಿರುವ ಈ ಗ್ರಂಥ ಪೂರ್ತಿಯಾಗಿ ಇಬ್ಬರು ವೈದ್ಯರ ಮಾತುಕತೆಯ ರೂಪದಲ್ಲಿದೆ. ಒಬ್ಬ ಓರ್ತಾ, ಇನ್ನೊಬ್ಬ ಸ್ಪೇನ್‌ನಿಂದ ಆಗಷ್ಟೇ ಬಂದಿಳಿದ ರುವಾನೊ ಎಂಬ ಕಲ್ಪಿತ ಗೆಳೆಯ. ರುವಾನೊ ಮಾತು ಮಾತಿಗೂ ಪ್ರಾಚೀನ ಗ್ರೀಕ್ ವೈದ್ಯರಾದ ಗ್ಯಾಲೆನ್ ಏನೆಂದ, ಡಯಾಸ್ಕೊರಿಡೀಸ್ ಏನೆಂದ ಎಂದು ಎತ್ತಿ ಹೇಳುತ್ತಾನೆ. ಓರ್ತಾ ತಾನು ಕಂಡದ್ದನ್ನು ಹೇಳಿ ಅವನ ಬಾಯಿ ಕಟ್ಟುತ್ತಾನೆ. ತಾನು ಸ್ಪೇನ್‌ನಲ್ಲಿದ್ದಿದ್ದರೆ ಗ್ರೀಕರ ವಿರುದ್ಧ ಹೀಗೆ ಮಾತನಾಡುವ ಧೈರ್ಯ ಮಾಡುತ್ತಿರಲಿಲ್ಲ ಎಂದೂ ಒಂದೆಡೆ ಒಪ್ಪಿಕೊಳ್ಳುತ್ತಾನೆ. ರುವಾನೊ ಎಂದರೆ ಗೋವೆಗೆ ಬರುವ ಮೊದಲಿನ ಓರ್ತಾನೇ ಎಂದು ಓದುವವರೂ ಇದ್ದಾರೆ; ಆ ಓದು ನನಗೆ ಒಪ್ಪಿಗೆಯಾಗುತ್ತದೆ, ಏಕೆಂದರೆ ರುವಾನೊ ಓದಿದ ವಿಶ್ವವಿದ್ಯಾಲಯಗಳೂ ಓರ್ತಾ ಓದಿದವೇ.

ರೀತಿ ಎಂದೆನಲ್ಲ, ಅದನ್ನು ಕರ್ಪೂರದ ಅಧ್ಯಾಯದಲ್ಲಿ ಹತ್ತಿರದಿಂದ ನೋಡಬಹುದು. ಯೂರೋಪಿಗೆ ತಲುಪುತ್ತಿದ್ದುದು ಚೀನಾದ ಕರ್ಪೂರ; ಅಲ್ಲಿನ ವೈದ್ಯರಿಗೆ ಕರ್ಪೂರವೆಂದರೆ ಅದೊಂದೇ. ಓರ್ತಾ ಗೋವೆಯ ಪೇಟೆಯಲ್ಲಿ ಎರಡು ಬಗೆ ಇರುವುದನ್ನು ಗಮನಿಸಿದ. ಒಂದು ಚೀನಾದ್ದು, ಬಿಲ್ಲೆಬಿಲ್ಲೆಯಾಗಿ ಬರುವಂಥದು. ಇನ್ನೊಂದು ಬೋರ್ನಿಯೊ, ಸುಮಾತ್ರ ಕಡೆಯದು. ಅದನ್ನು ಈ ದೇಶದವರು ತಿನ್ನುವುದಕ್ಕೂ ಔಷಧಕ್ಕೂ ಬಳಸುತ್ತಿದ್ದರು. ಎರಡನೆಯದರ ಒಂದು ಪೌಂಡಿಗೆ ಇರುವ ಬೆಲೆ ಮೊದಲನೆಯದರ ಒಂದು ಕ್ವಿಂಟಲ್‌ಗೆ ಸಮ ಎಂದು ಬರೆದು, ಇಷ್ಟು ಬೆಲೆಯ ವಸ್ತು ಯೂರೋಪಿನವರೆಗೆ ಹೋಗುವುದೇ ಇಲ್ಲವೆಂದೂ, ಆದ್ದರಿಂದ ಅಲ್ಲಿನ ಗ್ರಂಥಕರ್ತರು ಕಂಡದ್ದು ಅಗ್ಗದ ಬಗೆಯನ್ನು ಮಾತ್ರವೆಂದೂ ತರ್ಕಿಸುತ್ತಾನೆ. ಇಂದು ನಮಗೆ ಗೊತ್ತಿರುವಂತೆ ಇವೆರಡೂ ಒಂದಕ್ಕೊಂದು ಸಂಬಂಧವಿಲ್ಲದ ಬೇರೆ ಬೇರೆ ಕುಲದ ಮರಗಳಿಂದ ಬರುವ, ರಾಸಾಯನಿಕವಾಗಿಯೂ ಭಿನ್ನವಾದ ವಸ್ತುಗಳು. ಲಾಡುವಿಗೆ ಪಚ್ಚಕರ್ಪೂರ ಹಾಕಬೇಕೇ ಹೊರತು ಆರತಿಯ ಕರ್ಪೂರವನ್ನಲ್ಲ ಎಂಬುದು ನಿಮ್ಮ ಅಜ್ಜಿಗೆ ಖಂಡಿತ ಗೊತ್ತಿತ್ತು. ಅಜ್ಜಿ ಆ ವ್ಯತ್ಯಾಸವನ್ನು ಅಡುಗೆಯಲ್ಲಿ ಪಾಲಿಸಿದರು. ಓರ್ತಾ ಅದರ ಕಾರಣವನ್ನು ಹುಡುಕಿ, ಮೂಲದೇಶ, ಬೆಲೆ, ಬಳಕೆ, ಗ್ರಂಥದ ತಪ್ಪು ಈ ನಾಲ್ಕನ್ನೂ ಒಂದೇ ಕಡೆ ಇಟ್ಟು, ದೂರದಲ್ಲಿರುವ ಓದುಗ ಪರಿಶೀಲಿಸಬಹುದಾದಂತೆ ಬರೆದ. ಅಜ್ಜಿಯ ಅರಿವಿಲ್ಲದೆ ಓರ್ತಾನ ಬರಹ ಸಾಧ್ಯವಾಗುತ್ತಿರಲಿಲ್ಲ, ನಿಜ. ಆದರೆ ಎರಡೂ ಒಂದೇ ಕೆಲಸವಲ್ಲ.

ಇಂಗಿನ ಅಧ್ಯಾಯದಲ್ಲಿ ನಮ್ಮ ನಾಡೂ ಬರುತ್ತದೆ. ಭಾರತದಲ್ಲೆಲ್ಲ ಇದರಷ್ಟು ಬಳಕೆಯಲ್ಲಿರುವ ದ್ರವ್ಯ ಬೇರೊಂದಿಲ್ಲವೆಂದು ಹೇಳಿ, ಓರ್ತಾ ಅದರ ದೇಶೀ ಹೆಸರನ್ನೂ ಹೆಚ್ಚುಕಡಿಮೆ ನಾವು ಹೇಳುವಂತೆಯೇ ದಾಖಲಿಸುತ್ತಾನೆ. ವಿಜಯನಗರದಲ್ಲಿ ಒಬ್ಬ ಪೋರ್ಚುಗೀಸ್ ವರ್ತಕನ ಬಳಿ ಬೆಲೆಬಾಳುವ ಕುದುರೆಯಿತ್ತಂತೆ. ಅದಕ್ಕೆ ಹೊಟ್ಟೆಯುಬ್ಬರದ ಬಾಧೆ ಇದ್ದುದರಿಂದ ಅರಸ ಕೊಳ್ಳಲು ಒಪ್ಪಲಿಲ್ಲ. ವರ್ತಕ ಹಿಟ್ಟಿನಲ್ಲಿ ಇಂಗು ಕಲಸಿ ತಿನ್ನಿಸಿ ಕುದುರೆಯನ್ನು ಗುಣಪಡಿಸಿದ. ಅರಸ ಒಳ್ಳೆಯ ಬೆಲೆ ಕೊಟ್ಟು ಕೊಂಡುಕೊಂಡು, ಏನು ಕೊಟ್ಟೆ ಎಂದು ಕೇಳಿ, ಇಂಗು ಎಂಬ ಉತ್ತರ ಬಂದಾಗ, ದೇವತೆಗಳ ಆಹಾರವನ್ನೇ ತಿನ್ನಿಸಿದ ಮೇಲೆ ಗುಣವಾದುದರಲ್ಲಿ ಆಶ್ಚರ್ಯವೇನು ಎಂದನಂತೆ. ವರ್ತಕ ಮೆಲ್ಲನೆ ತನ್ನ ಭಾಷೆಯಲ್ಲಿ, ದೆವ್ವಗಳ ಆಹಾರವೆನ್ನಬೇಕಿತ್ತು ಎಂದು ಗೊಣಗಿಕೊಂಡ. ಕಥೆ ತಮಾಷೆಯದಾದರೂ ಓರ್ತಾ ಅದನ್ನು ಅಲ್ಲಿಗೇ ಬಿಡುವುದಿಲ್ಲ. ತನ್ನ ಮೂಗಿಗೆ ಇಂಗಿನಷ್ಟು ಕೆಟ್ಟ ವಾಸನೆಯ ವಸ್ತು ಲೋಕದಲ್ಲಿಲ್ಲ, ಆದರೆ ಅದರ ಒಗ್ಗರಣೆ ಬಿದ್ದ ಪಲ್ಯದಲ್ಲಿ ಆ ವಾಸನೆ ಕೆಡುಕೆನ್ನಿಸುವುದಿಲ್ಲ ಎಂಬ ಅರ್ಥದ ಮಾತು ಸೇರಿಸುತ್ತಾನೆ. ರುಚಿ ನೋಡದೆ ತೀರ್ಪು ಕೊಡುವವನಲ್ಲ.

ವೈದ್ಯನಾಗಿ ಆತನ ಬರಹದ ಅತ್ಯುತ್ತಮ ಭಾಗ ಯಾವುದೆಂದು ಕೇಳಿದರೆ ನಾನು ಕಾಲರಾ ಕುರಿತ ಅಧ್ಯಾಯವನ್ನು ತೋರಿಸುತ್ತೇನೆ. ಏಷ್ಯಾದ ಕಾಲರಾವನ್ನು ಯೂರೋಪಿನ ವೈದ್ಯನೊಬ್ಬ ಸ್ಪಷ್ಟವಾಗಿ ವರ್ಣಿಸಿದ ಮೊದಲ ಬರಹಗಳಲ್ಲಿ ಅದು ಒಂದು. ನಾಡಿ ಸಿಕ್ಕುವುದೇ ಕಷ್ಟವಾಗುವಷ್ಟು ಕುಂದುವುದು, ಮೈ ತಣ್ಣಗಾಗಿ ಬೆವರುವುದು, ಒಳಗೆ ಮಾತ್ರ ಉರಿ ಮತ್ತು ತಡೆಯಲಾರದ ದಾಹ, ಕಣ್ಣು ಗುಳಿಬೀಳುವುದು, ಕಾಲಿನ ಸ್ನಾಯುಗಳು ಸೆಟೆದುಕೊಳ್ಳುವುದು, ಸಾಮಾನ್ಯವಾಗಿ ಒಂದು ದಿನದೊಳಗೆ ಸಾವು: ಇಂದಿನ ವೈದ್ಯ ವಿದ್ಯಾರ್ಥಿಯೂ ಈ ಪಟ್ಟಿಯಿಂದ ರೋಗವನ್ನು ಗುರುತಿಸಬಲ್ಲ. ಓರ್ತಾ ಮಾಡುತ್ತಿದ್ದ ಚಿಕಿತ್ಸೆ ಆ ಕಾಲದ ಯೂರೋಪಿನದು, ಹೊಟ್ಟೆಯನ್ನು ಇನ್ನಷ್ಟು ಬರಿದು ಮಾಡುವಂಥದು. ಅದರಿಂದ ಹಾನಿಯೇ ಹೆಚ್ಚಾಗಿರಬೇಕು. ಸ್ಥಳೀಯರು ಏನು ಮಾಡುತ್ತಾರೆಂದು ರುವಾನೊ ಕೇಳಿದಾಗ, ಮೆಣಸು ಮತ್ತು ಜೀರಿಗೆ ಹಾಕಿದ ಅಕ್ಕಿಯ ಗಂಜಿನೀರನ್ನು ಕುಡಿಸುತ್ತಾರೆ, ಪಾದಗಳಿಗೆ ಬರೆ ಹಾಕುತ್ತಾರೆ ಎಂಬ ಉತ್ತರ ಬರುತ್ತದೆ. ಬರೆಯಿಂದ ಏನೂ ಉಪಯೋಗವಿಲ್ಲ. ಆದರೆ ವಾಂತಿಭೇದಿಯಲ್ಲಿ ದೇಹ ಕಳೆದುಕೊಂಡ ನೀರನ್ನೂ ಲವಣವನ್ನೂ ಮರಳಿ ತುಂಬುವುದೇ ಜೀವ ಉಳಿಸುವ ಚಿಕಿತ್ಸೆ ಎಂಬುದು ಇಪ್ಪತ್ತನೆಯ ಶತಮಾನದಲ್ಲಿ ಸ್ಥಿರಪಟ್ಟಿತು. ಉಪ್ಪು ಹಾಕಿದ ಅಕ್ಕಿ ಗಂಜಿಯ ದ್ರಾವಣಗಳನ್ನು ಈಗ ವೈದ್ಯರೂ ಒಪ್ಪುತ್ತಾರೆ. ಓರ್ತಾ ತಾನು ಅನುಸರಿಸದ ಚಿಕಿತ್ಸೆಯನ್ನೂ ಬಿಡದೆ ಬರೆದಿಟ್ಟನೆಂಬ ಕಾರಣಕ್ಕೇ ನಾವು ಈಗ ಅದನ್ನು ತೂಗಿ ನೋಡಬಹುದಾಗಿದೆ.

ಇಲ್ಲಿಯೇ ನಿಮ್ಮ ಪ್ರಶ್ನೆಯ ಇನ್ನೊಂದು ಮಗ್ಗುಲು ಇದೆ: ಹಾಗಾದರೆ ಆ ಜ್ಞಾನ ಯಾರದು? ಪುಸ್ತಕದಲ್ಲಿ ಓರ್ತಾನ ಮನೆಯ ಆಂತೋನಿಯಾ ಎಂಬ ಕೆಲಸದ ಹುಡುಗಿ ಮತ್ತೆ ಮತ್ತೆ ಬರುತ್ತಾಳೆ. ಒಡೆಯ ಕರೆದಾಗ ಗಿಡವನ್ನೋ ಹಣ್ಣನ್ನೋ ತಂದು ತೋರಿಸುತ್ತಾಳೆ. ಮಾಲುಪಾ ಎಂಬ ಹಿಂದೂ ವೈದ್ಯನೂ ಮಾತುಕತೆಗೆ ಬಂದು ಕೂರುತ್ತಾನೆ. ಮಲಬಾರಿನವರು ಆಮಶಂಕೆಗೆ ಬಳಸುವ ಒಂದು ಗಿಡಕ್ಕೆ ಓರ್ತಾ ಪೂರ್ತಿ ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಅದನ್ನು ನಮ್ಮ ಕೊಡಸಿಗೆಯೆಂದು ಸಸ್ಯವಿಜ್ಞಾನಿಗಳು ಗುರುತಿಸಿದ್ದಾರೆ. ಅದರ ತೊಗಟೆ ಈಗಲೂ ಗ್ರಂಧಿಗೆ ಅಂಗಡಿಗಳಲ್ಲಿ ಸಿಗುತ್ತದೆ. ಆದರೂ ಆತ ಎಲ್ಲರನ್ನೂ ಸಮವಾಗಿ ಕಂಡನೆಂದು ಹೇಳಲಾಗದು. ಮಧ್ಯಯುಗದ ಪಾರಸಿ ವೈದ್ಯ ಅವಿಸೆನ್ನಾನನ್ನು ಓದಿದ ಹಕೀಮರನ್ನು ವಿದ್ವಾಂಸರೆಂದು ಗೌರವಿಸುವ ಆತ, ಹಿಂದೂ ವೈದ್ಯರದು ಬರೀ ರೂಢಿ ಮತ್ತು ಅನುಭವದ ವೈದ್ಯವೆಂದು ಬಗೆಯುತ್ತಾನೆ. ಆತನಿಗೆ ಸಂಸ್ಕೃತ ಬಾರದು. ಚರಕ ಸುಶ್ರುತರ ದೊಡ್ಡ ಶಾಸ್ತ್ರಪರಂಪರೆಯೊಂದು ತನ್ನ ಪಕ್ಕದಲ್ಲೇ ಇತ್ತೆಂಬುದು ಆತನ ಪುಸ್ತಕದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಅಹ್ಮದ್‌ನಗರದ ಹಕೀಮರಿಗೆ ಕೊಟ್ಟ ಕಿವಿಯನ್ನು ಗೋವೆಯ ವೈದ್ಯರಿಗೂ ಕೊಟ್ಟಿದ್ದರೆ ಪುಸ್ತಕ ಇನ್ನೂ ದೊಡ್ಡದಾಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ತಪ್ಪುಗಳೂ ಇವೆ. ಕರಿಮೆಣಸು ಮತ್ತು ಬಿಳಿಮೆಣಸು ಬೇರೆ ಬೇರೆ ಬಳ್ಳಿಗಳಿಂದ ಬರುತ್ತವೆಂದು ಆತ ನಂಬಿದ್ದ. ಶಿರಸಿ ಕಡೆಯ ಯಾವ ಕೃಷಿಕನೂ ಅದನ್ನು ತಿದ್ದಬಹುದಿತ್ತು. ಆಡಿನ ಹೊಟ್ಟೆಯಲ್ಲಿ ಸಿಗುವ ಬೆಜೋರ್ ಕಲ್ಲು ವಿಷಹಾರಿಯೆಂಬ ನಂಬಿಕೆಯನ್ನೂ ಬಿಡಲಿಲ್ಲ. ವಜ್ರದ ವಿಷಯದಲ್ಲಿ ಮಾತ್ರ ಗ್ರಂಥಗಳ ಅತಿಶಯವನ್ನು ಚೆನ್ನಾಗಿ ಬಿಡಿಸಿದ್ದಾನೆ: ಸುತ್ತಿಗೆಯ ಏಟಿಗೆ ವಜ್ರ ಒಡೆಯುತ್ತದೆ, ಅದು ವಿಷವಲ್ಲ, ಕದಿಯುವುದಕ್ಕಾಗಿ ನುಂಗಿದವರು ಸಾಯುವುದಿಲ್ಲ ಎಂದು ನೇರವಾಗಿ ಹೇಳುತ್ತಾನೆ.

ಮುಂಬಯಿಯ ವಿಷಯ. ದ್ವೀಪ ಅವನ ಸ್ವಂತದ್ದಾಗಿತ್ತು ಎನ್ನುವುದಕ್ಕಿಂತ, 1550ರ ದಶಕದ ನಡುವಿನಲ್ಲಿ ಪೋರ್ಚುಗಲ್ಲಿನ ದೊರೆಯ ಹೆಸರಿನಲ್ಲಿ ವೈಸ್‌ರಾಯ್ ಅದನ್ನು ವಾರ್ಷಿಕ ಗೇಣಿಗೆ ಓರ್ತಾನಿಗೆ ವಹಿಸಿಕೊಟ್ಟಿದ್ದ ಎನ್ನುವುದು ಸರಿ. ಆಗಿನ ಮುಂಬಯಿ ಎಂದರೆ ಏಳು ದ್ವೀಪಗಳಲ್ಲಿ ಒಂದು. ಮೀನುಗಾರರ ಕೇರಿಗಳು, ತೆಂಗಿನ ತೋಟಗಳು, ಗದ್ದೆಗಳು, ಅಷ್ಟೇ. ಗೋವೆಯಲ್ಲೇ ವಾಸವಾಗಿದ್ದ ಓರ್ತಾ ಅದನ್ನು ಒಳಗೇಣಿಗೆ ಕೊಟ್ಟಿದ್ದ. ಅಲ್ಲಿ ವರ್ಷಕ್ಕೆ ಎರಡು ಸಲ ಹಣ್ಣು ಬಿಡುವ ಮಾವಿನ ಮರವೊಂದು ತನಗಿದೆಯೆಂದು ಮಾವಿನ ಅಧ್ಯಾಯದಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಆತನದೆಂದು ಹೇಳಲಾಗುವ ಬಂಗಲೆಯ ಸುತ್ತಲೇ ಮುಂದೆ ಇಂಗ್ಲಿಷರು ಬಾಂಬೆ ಕ್ಯಾಸಲ್ ಕೋಟೆಯನ್ನು ಕಟ್ಟಿದರು. ಅದು ಇಂದಿನ ಫೋರ್ಟ್ ಪ್ರದೇಶದ ಟೌನ್ ಹಾಲ್ ಹಿಂಭಾಗ, ಈಗ ನೌಕಾಪಡೆಯ ಆವರಣ. ಮುಂಬಯಿಯಲ್ಲಿರುವ ನಿಮ್ಮ ನೆಂಟರು ಏಷಿಯಾಟಿಕ್ ಸೊಸೈಟಿಯ ಮೆಟ್ಟಿಲ ಮೇಲೆ ನಿಂತರೆ ಆ ಜಾಗ ಬೆನ್ನಹಿಂದೆಯೇ ಇರುತ್ತದೆ. ಒಳಗೆ ಸಾರ್ವಜನಿಕರಿಗೆ ಸುಲಭವಾಗಿ ಪ್ರವೇಶವಿಲ್ಲ.

ಇನ್ನು ಮೂಳೆಗಳ ಮಾತು. ಅದು ನಿಜ. ಗೋವೆಯಲ್ಲಿ ಇನ್‌ಕ್ವಿಸಿಷನ್, ಅಂದರೆ ಚರ್ಚಿನ ಧರ್ಮವಿಚಾರಣೆಯ ನ್ಯಾಯಾಲಯ, 1560ರಲ್ಲಿ ಸ್ಥಾಪನೆಯಾಯಿತು. ಓರ್ತಾನ ಪುಸ್ತಕ ಅದರ ಮೂರು ವರ್ಷಗಳ ಬಳಿಕ, 1563ರ ಏಪ್ರಿಲ್ 10ರಂದು, ಹಳೆ ಗೋವೆಯ ಸಂತ ಪಾಲ್ ಕಾಲೇಜಿನ ಮುದ್ರಣಾಲಯದಲ್ಲಿ ಜೊವಾನ್ನೆಸ್ ದ ಎಂದೆಮ್ ಎಂಬ ಮುದ್ರಕನ ಕೈಯಲ್ಲಿ ಅಚ್ಚಾಯಿತು. ಅದಕ್ಕೆ ಇನ್‌ಕ್ವಿಸಿಷನ್ನಿನ ಅಧಿಕಾರಿಯ ಒಪ್ಪಿಗೆಯೂ ಇತ್ತು. ಭಾರತದಲ್ಲಿ ಅಚ್ಚುಯಂತ್ರ ಬಂದು ಆಗ ಏಳೇ ವರ್ಷ. ಅಚ್ಚಿನ ದೋಷಗಳು ಹೇರಳವಾಗಿದ್ದು, ತಿದ್ದುಪಡಿಯ ಪಟ್ಟಿಯೇ ಪುಟಗಟ್ಟಲೆ ಇದೆ. ಮುಂದೆ ಪೋರ್ಚುಗಲ್ಲಿನ ಮಹಾಕವಿಯಾದ ಕಾಮೋಯಿಶ್ ಆಗ ಗೋವೆಯಲ್ಲಿದ್ದು, ವೈಸ್‌ರಾಯ್‌ಗೆ ಓರ್ತಾನನ್ನು ಶಿಫಾರಸು ಮಾಡಿ ಒಂದು ಕವಿತೆ ಬರೆದುಕೊಟ್ಟಿದ್ದ. ಆತನ ಕವಿತೆ ಮೊದಲ ಬಾರಿಗೆ ಅಚ್ಚಿನಲ್ಲಿ ಬಂದದ್ದು ಈ ಔಷಧಿ ಗ್ರಂಥದಲ್ಲೇ. ಇಷ್ಟೆಲ್ಲ ರಕ್ಷಣೆ ಓರ್ತಾ ಬದುಕಿರುವವರೆಗೆ ಕೆಲಸಕ್ಕೆ ಬಂತು. ಆತ 1568ರಲ್ಲಿ ತೀರಿಕೊಂಡ. ಲಿಸ್ಬನ್‌ನಿಂದ ಬಂದು ಗೋವೆ ಸೇರಿದ್ದ ಅವನ ಸೋದರಿ ಕತರೀನಾಳನ್ನು ಬೇಗನೆ ಬಂಧಿಸಿ, ಗುಟ್ಟಾಗಿ ಯಹೂದಿ ಧರ್ಮ ಪಾಲಿಸಿದ ಆರೋಪದ ಮೇಲೆ 1569ರ ಅಕ್ಟೋಬರ್ 25ರಂದು ಗೋವೆಯಲ್ಲಿ ಜೀವಂತ ಸುಟ್ಟರು. ವಿಚಾರಣೆಯಲ್ಲಿ ಹೊರಬಂದ ಹೇಳಿಕೆಗಳು ಸತ್ತ ಓರ್ತಾನನ್ನೂ ಅಪರಾಧಿಯನ್ನಾಗಿಸಿದವು. 1580ರ ಡಿಸೆಂಬರ್‌ನಲ್ಲಿ ಅವನ ಮೂಳೆಗಳನ್ನು ಗೋರಿಯಿಂದ ತೆಗೆಸಿ ಸುಡಲಾಯಿತು.

ಪುಸ್ತಕ ಅಷ್ಟರೊಳಗೆ ಕೈಮೀರಿ ಹೋಗಿತ್ತು. ಕ್ಲೂಸಿಯಸ್ ಎಂಬ ಸಸ್ಯವಿಜ್ಞಾನಿ 1564ರಲ್ಲಿ ಲಿಸ್ಬನ್‌ನಲ್ಲಿ ಅದರ ಪ್ರತಿಯೊಂದನ್ನು ಪಡೆದು, ಸಂವಾದದ ರೂಪವನ್ನು ತೆಗೆದುಹಾಕಿ, ಲ್ಯಾಟಿನ್‌ನಲ್ಲಿ ಸಂಗ್ರಹಿಸಿ 1567ರಲ್ಲಿ ಆಂಟ್‌ವರ್ಪ್‌ನಲ್ಲಿ ಪ್ರಕಟಿಸಿದ. ಆ ಸಂಗ್ರಹ ಮುಂದೆಯೂ ಹಲವು ಬಾರಿ ಅಚ್ಚಾಯಿತು. 1578ರಲ್ಲಿ ಕ್ರಿಸ್ತೊಬಾಲ್ ಅಕೋಸ್ತಾ ಎಂಬ ವೈದ್ಯ ಓರ್ತಾನ ಬಹಳಷ್ಟು ವಿಷಯವನ್ನು ಎತ್ತಿಕೊಂಡು, ಗಿಡಗಳ ಚಿತ್ರಗಳನ್ನು ಸೇರಿಸಿ ಸ್ಪ್ಯಾನಿಷ್‌ನಲ್ಲಿ ಒಂದು ಗ್ರಂಥ ತಂದ. ಯೂರೋಪ್ ಓದಿದ್ದು ಹೆಚ್ಚಾಗಿ ಇವನ್ನೇ. ಆಂತೋನಿಯಾ, ಮಾಲುಪಾ, ವಿಜಯನಗರದ ಕುದುರೆ, ರುವಾನೊನ ಮೊಂಡುವಾದ ಇವುಗಳ ಜಾಗದಲ್ಲಿ ಒಣ ವಿವರಣೆ ಉಳಿಯಿತು. ಯಾರು ಯಾರಿಗೆ ಹೇಳಿದರು ಎಂಬ ಎಳೆ ಇರುವುದು ಮೂಲದಲ್ಲಿ ಮಾತ್ರ. ಮೂಲವನ್ನು ಟಿಪ್ಪಣಿಗಳೊಂದಿಗೆ ಪೋರ್ಚುಗಲ್ಲಿನ ಫಿಕಾಲ್ಯೊ ಪ್ರಭು 1890ರ ದಶಕದಲ್ಲಿ ಮತ್ತೆ ಸಂಪಾದಿಸಿದ. ಕ್ಲೆಮೆಂಟ್ಸ್ ಮಾರ್ಕಮ್ 1913ರಲ್ಲಿ ಇಂಗ್ಲಿಷ್‌ಗೆ ಅನುವಾದಿಸಿದ.

ಮಗಳ ಪ್ರಬಂಧಕ್ಕೆ ಮಾರ್ಕಮ್‌ನ ಅನುವಾದ ಸಾಕು. ಇಡೀ ಪುಸ್ತಕ ಓದಬೇಕಿಲ್ಲ. ಕರ್ಪೂರ, ಇಂಗು, ಮಾವು ಮತ್ತು ಕಾಲರಾ ಈ ನಾಲ್ಕು ಅಧ್ಯಾಯಗಳನ್ನು ಓದಿ, ಪ್ರತಿಯೊಂದರಲ್ಲೂ ಓರ್ತಾ ಸ್ವತಃ ಕಂಡದ್ದು ಯಾವುದು, ಇತರರಿಂದ ಕೇಳಿದ್ದು ಯಾವುದು, ಗ್ರಂಥದಿಂದ ಎತ್ತಿದ್ದು ಯಾವುದು ಎಂದು ಮೂರು ಬಣ್ಣದ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಲಿ. ಒಂದು ಭಾನುವಾರ ಹಳೆ ಗೋವೆಗೆ ಹೋದರೆ ಸಂತ ಪಾಲ್ ಕಾಲೇಜಿನ ಕಮಾನನ್ನೂ ತೋರಿಸಬಹುದು. ಪುಸ್ತಕ ಅಚ್ಚಾದ ಆ ಕಟ್ಟಡದಲ್ಲಿ ಈಗ ಉಳಿದಿರುವುದು ರಸ್ತೆ ಬದಿಯ ಅದೊಂದು ಹೆಬ್ಬಾಗಿಲು ಮಾತ್ರ.